ಆ ಸಾಲು ತಿದ್ದಿದ ಕೈ ಯಾರದು?

ನಿವೃತ್ತಿಯಾದ ಮೇಲೆ ನನ್ನನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ವರ್ಷ ಫೌಂಡ್ರಿಯಲ್ಲಿ ಏನ್ ಮಾಡ್ತಿದ್ರಿ?" ಕಬ್ಬಿಣ ಕರಗಿಸುತ್ತಿದ್ದೆ ಎಂದರೆ ನಗುತ್ತಾರೆ. ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ ಎಂದರೆ ಮಾತು ಬದಲಿಸುತ್ತಾರೆ. ವಿದ್ಯಾನಗರದ ನಮ್ಮ ಬೀದಿಯಲ್ಲಿ ನಾನು ಇವತ್ತಿಗೂ "ಟೈಪಿಂಗ್ ಮೇಡಂ". ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟಿದ್ದೇನೆ. ಆದರೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಇದೇ ಕೆಲಸಕ್ಕೆ ಸೇರುವವರು ಆಗಾಗ ಮನೆಗೆ ಬಂದು ಕೂರುತ್ತಾರೆ. ಕಾಫಿ ಕುಡಿದು, "ಮೇಡಂ, ಕೆಲಸ ನಿಜವಾಗಿ ಹೇಗಿರುತ್ತೆ?" ಎನ್ನುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯ ಶಾಲು, ಹಾರ ಇವುಗಳ ಕಥೆ ಬೇಕಿದ್ದವರು ಬೇರೆ ಯಾರ ಮನೆಗಾದರೂ ಹೋಗಬಹುದು.

ನಮ್ಮ ಫೌಂಡ್ರಿ ಇದ್ದದ್ದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ. ಟ್ರ್ಯಾಕ್ಟರಿಗೆ, ನೀರಿನ ಪಂಪಿಗೆ ಬೇಕಾದ ಕಬ್ಬಿಣದ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ಹೆಸರು ಬೇಡ. ಕೆಲಸಗಾರರಲ್ಲಿ ಅರ್ಧಕ್ಕರ್ಧ ಭದ್ರಾವತಿಯವರು. ಅಲ್ಲಿ ಬೈಯುವುದಕ್ಕೆ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತಿದ್ದವು. ಬೈಸಿಕೊಂಡವರಿಗೆ ಮೂರೂ ಅರ್ಥವಾಗುತ್ತಿದ್ದವು.

ಮುಂದಿನದು ತಿಳಿಯಬೇಕಾದರೆ ಎರಡು ಮಾತು ಗೊತ್ತಿರಬೇಕು. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸುವ ಲೋಹಕ್ಕೆ ನಾವು "ಹೀಟ್" ಎನ್ನುತ್ತಿದ್ದೆವು. ಪ್ರತಿ ಹೀಟ್‌ಗೂ ಒಂದು ನಂಬರ್. ಆ ಲೋಹದಿಂದ ಹೊಯ್ದ ಪ್ರತಿ ತುಂಡಿನ ಮೇಲೂ ಆ ನಂಬರನ್ನು ಗುದ್ದಿರುತ್ತಿದ್ದರು. ಹೀಟ್‌ನ ಸ್ಯಾಂಪಲ್ ಲ್ಯಾಬಿಗೆ ಬರುತ್ತದೆ, ಲ್ಯಾಬಿನವರು ಗಟ್ಟಿತನ ನೋಡಿ ಪಾಸ್ ಅಥವಾ ಫೇಲ್ ಬರೆಯುತ್ತಾರೆ. ಅನುಮಾನವಿದ್ದರೆ "ರೀಟೆಸ್ಟ್" ಎಂದು ಬರೆದು ಮತ್ತೆ ಪರೀಕ್ಷಿಸುತ್ತಾರೆ. ಹೀಗೆ ಬರೆದ ಒಂದೊಂದು ಫಲಿತಾಂಶವೂ ಡೇಟಾಬೇಸಿನಲ್ಲಿ ಒಂದು ಸಾಲು. ಆ ಸಾಲುಗಳನ್ನು ಕಾಯುವವಳು ನಾನು.

ಕಾಯಲು ನನಗಿದ್ದ ಸಾಧನ ಟ್ರಿಗರ್. ಬಾಗಿಲಿಗೆ ಕಟ್ಟಿದ ಗಂಟೆ ಅಂದುಕೊಳ್ಳಿ. ಯಾರಾದರೂ ಸಾಲನ್ನು ಮುಟ್ಟಿದರೆ ತಾನಾಗಿಯೇ ಎದ್ದು ಓಡುವ ಸಣ್ಣ ಪ್ರೋಗ್ರಾಂ ಅದು. ನಮ್ಮ ಟ್ರಿಗರ್ ಮಾಡಬೇಕಿದ್ದದ್ದು ಇಷ್ಟೇ: ಯಾವ ಸಾಲು ಬದಲಾಯಿತು, ಯಾರಿಂದ ಎಂಬುದನ್ನು ಲಾಗ್ ಎಂಬ ದಾಖಲೆ ಪಟ್ಟಿಯಲ್ಲಿ ಬರೆದಿಡುವುದು. ಕೇಳಲು ಬಹಳ ಸುಲಭ. ಈ ಕೆಲಸದಲ್ಲಿ ಕೇಳಲು ಸುಲಭವಾದದ್ದು ಬಂದರೆ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕುಳಿತುಕೊಳ್ಳಿ.

ಮೊದಮೊದಲು ಸಾಲಿಗೊಂದು ಗಂಟೆ ಇತ್ತು. ಒಂದು ಸಾಲು ತಿದ್ದಿದರೆ ಟ್ರಿಗರ್ ಒಂದು ಸಲ ಓಡಿ, ಆ ಸಾಲನ್ನು ಕೈಯಲ್ಲೇ ಹಿಡಿದು ಲಾಗ್‌ನಲ್ಲಿ ಬರೆಯುತ್ತಿತ್ತು. ನಿಧಾನ, ಆದರೆ ನಂಬಿಕಸ್ತ. ಆಮೇಲೆ ಲ್ಯಾಬಿಗೆ ಹೊಸ ಸ್ಪೆಕ್ಟ್ರೋ ಮಿಷನ್ ಬಂತು. ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಮಿಷನ್. ಅದು ಒಂದೇ ಏಟಿಗೆ ರಾಶಿ ರಾಶಿ ಸಾಲು ತಂದು ಸುರಿಯತೊಡಗಿತು. ಟ್ರಿಗರ್ ಸಾಲುಸಾಲಿಗೂ ಎದ್ದು ಓಡಿ ಸುಸ್ತಾಯಿತು. ಲ್ಯಾಬಿನ ಸ್ಕ್ರೀನು ಗೂಟ ಹೊಡೆದ ಹಾಗೆ ನಿಂತುಬಿಡುತ್ತಿತ್ತು.

ಆಗ ನಮ್ಮ ಮೇಲಿದ್ದವರು ಕ್ವಾಲಿಟಿ ಮ್ಯಾನೇಜರ್ ಸದಾಶಿವಯ್ಯನವರು. ಹಣೆ ತುಂಬ ವಿಭೂತಿ, ಕುಲುಮೆಯ ಸದ್ದನ್ನೂ ಮೀರುವ ದನಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದರು, ಒಂದು ಕಪ್ ಟೀ ಕೂಡ ಕಂಪನಿಯ ಲೆಕ್ಕದಲ್ಲಿ ಕುಡಿದವರಲ್ಲ. ಇಂಥವರ ಜೊತೆ ಕೆಲಸ ಮಾಡುವುದು ಕಷ್ಟ. ತಮ್ಮ ಪ್ರಾಮಾಣಿಕತೆ ಗಟ್ಟಿ ಎಂದು ಗೊತ್ತಿರುವುದರಿಂದ ತಾವು ನಂಬಿದ್ದೆಲ್ಲ ಗಟ್ಟಿ ಅಂದುಕೊಂಡಿರುತ್ತಾರೆ. ಅವರು ನಂಬಿದ್ದು ಲಾಗ್ ಅನ್ನು. ಪ್ರತಿದಿನ ಅದರ ಪ್ರಿಂಟ್ ತೆಗೆಸಿ, ಪೇಪರ್ ಓದಿದ ಹಾಗೆ ಓದುತ್ತಿದ್ದರು.

ಸ್ಕ್ರೀನ್ ನಿಲ್ಲುತ್ತದೆ ಎಂದು ಅವರು ಹೊರಗಿನ ಕಂಟ್ರಾಕ್ಟ್ ಕಂಪನಿಯೊಂದಕ್ಕೆ ಟ್ರಿಗರ್ ಬದಲಿಸುವ ಕೆಲಸ ಕೊಟ್ಟರು. ಆ ಕಂಪನಿಯವರು ಬಂದು ಸಾಲಿಗೊಂದು ಗಂಟೆಯನ್ನು ಬಿಚ್ಚಿ ಹಾಕಿ, ಡೇಟಾಬೇಸಿಗೆ ಒಮ್ಮೆ ಕೊಡುವ ಒಂದು ಆಜ್ಞೆಗೆ ಒಂದು ಗಂಟೆ ಕಟ್ಟಿ ಹೋದರು. ಈಗ ಎಷ್ಟೇ ಸಾಲು ಬದಲಾಗಲಿ, ಟ್ರಿಗರ್ ಓಡುವುದು ಕೊನೆಗೆ ಒಂದೇ ಸಲ. ಸ್ಕ್ರೀನು ಚುರುಕಾಯಿತು, ಸದಾಶಿವಯ್ಯನವರ ಮುಖ ಅರಳಿತು. ಆದರೆ ಹೊಸ ಟ್ರಿಗರ್‌ಗೆ ಗಂಟೆ ಕೇಳುತ್ತದೆಯೇ ಹೊರತು ಯಾರು ಬಂದರೆಂದು ಕಾಣುವುದಿಲ್ಲ. ಯಾವ ಸಾಲುಗಳು ಬದಲಾದವು ಎಂದು ಅದೇ ಹುಡುಕಿಕೊಳ್ಳಬೇಕು. ಕಂಟ್ರಾಕ್ಟ್‌ನವರು ಹುಡುಕಿಸಿದ ರೀತಿ ಹೀಗೆ: ಈಗಿನಿಂದ ಹಿಂದಕ್ಕೆ ಒಂದು ನಿಮಿಷದೊಳಗೆ ಬದಲಾದ ಸಾಲುಗಳನ್ನೆಲ್ಲ ಬಾಚಿಕೋ, ಈಗ ಸೇವ್ ಒತ್ತಿದವರ ಹೆಸರಿಗೆ ಬರೆ. ಜೊತೆಗೆ ಜಾಗ ಉಳಿಸಲು ಒಂದು ಸಾಲಿಗೆ ಒಂದೇ ಹೆಸರು. ಹೊಸದು ಬಂದರೆ ಹಳೆಯದು ಅಳಿಸಿಹೋಗುತ್ತದೆ.

ಅದನ್ನು ನನಗೆ ತೋರಿಸದೆ ಹಾಕಿದ್ದರು. ಕೇಳಿದರೆ, "ಅದು ಅವರ ಜವಾಬ್ದಾರಿ ಕಣ್ರೀ, ನೀವು ಬ್ಯಾಕಪ್ ನೋಡ್ಕೊಳ್ಳಿ" ಎಂದಿದ್ದರು ಸದಾಶಿವಯ್ಯನವರು. ಬ್ಯಾಕಪ್ ನೋಡಿಕೊಂಡೆ.

ಸೆಲ್ವಿ ನಮ್ಮ ಲ್ಯಾಬಿನ ಕೆಮಿಸ್ಟ್. ಭದ್ರಾವತಿಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಮೌನ. ಅಪ್ಪ, ಅಜ್ಜ ಇಬ್ಬರೂ ಕುಲುಮೆಯ ಮುಂದೆ ದುಡಿದವರು. ಆ ಮನೆಯಿಂದ ಲ್ಯಾಬಿನ ಕೋಟು ತೊಟ್ಟ ಮೊದಲಿಗಳು ಇವಳು. ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಒಂದೇ ಬೆಂಚು. ಅವಳ ಡಬ್ಬಿಯ ಪುಳಿಯೋಗರೆ ನನಗೆ, ನನ್ನ ಡಬ್ಬಿಯ ಅಕ್ಕಿ ರೊಟ್ಟಿ ಅವಳಿಗೆ.

ಒಂದು ದಿನ ಪಂಪಿನ ಭಾಗಗಳ ಇಡೀ ಲೋಡು ಗಿರಾಕಿಯಿಂದ ವಾಪಸ್ ಬಂತು. ಅವರು ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್‌ಗಳೇ ಮುರಿದವಂತೆ. ಅಷ್ಟು ಗಟ್ಟಿ. ಹೀಟ್ ನಂಬರ್ ಹಿಡಿದು ನೋಡಿದರೆ ಡೇಟಾಬೇಸಿನಲ್ಲಿ "ಪಾಸ್" ಎಂದಿದೆ. ಸೆಲ್ವಿ ತಾನು ಬರೆದದ್ದು "ರೀಟೆಸ್ಟ್" ಎಂದಳು. ಮತ್ತೆ ಪರೀಕ್ಷೆ ಮಾಡುವಷ್ಟರಲ್ಲಿ ಲೋಡು ಹೋಗಿಬಿಟ್ಟಿತ್ತು ಎಂದಳು. ಸದಾಶಿವಯ್ಯನವರು ಲಾಗ್ ತೆಗೆಸಿದರು. ಆ ಸಾಲನ್ನು ಕೊನೆಗೆ ಬದಲಿಸಿದವರ ಹೆಸರು: ಸೆಲ್ವಿ.

ಅವರು ಅದನ್ನು ಕೋಣೆಗೆ ಕರೆದು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಶಿಫ್ಟ್ ಬದಲಾಗುವ ಹೊತ್ತು, ಹೋಗುವವರು ಬರುವವರು ಎಲ್ಲ ಲ್ಯಾಬಿನ ಮುಂದಿನ ಅಂಗಳದಲ್ಲಿದ್ದರು. ಅಲ್ಲೇ ಪ್ರಿಂಟ್ ಎತ್ತಿ ಹಿಡಿದರು.

"ರೀಟೆಸ್ಟ್ ಅಂತ ಬರೆದಿದ್ದೋಳೂ ನೀನೇ, ಪಾಸ್ ಮಾಡಿದೋಳೂ ನೀನೇ. ಪ್ರೊಡಕ್ಷನ್‌ನೋರು ಅವಸರ ಮಾಡಿದ್ರು ಅಂತ ಮುಲಾಜಿಗೆ ಬಿದ್ಯಾ?"

"ಸರ್, ನಾನು ಮಾಡಿಲ್ಲ."

"ಹೆಸರು ಯಾರದಮ್ಮಾ ಇದು? ನನ್ನದಾ?"

"ನಾನು ಮಾಡಿಲ್ಲ ಸರ್."

"ವಿಚಾರಣೆ ಮುಗಿಯೋ ತನಕ ಮನೇಲಿರು. ಹೇಳಿ ಕಳಿಸ್ತೀವಿ."

ಸೆಲ್ವಿ ಕೋಟು ಬಿಚ್ಚಿ ಮೊಳೆಗೆ ಹಾಕಿ ಹೊರಟಳು. ಲ್ಯಾಬಿನವರಿಗೆ ಇರುವುದು ಒಂದೇ ಆಸ್ತಿ, ಅವರು ಬರೆದ ಫಲಿತಾಂಶವನ್ನು ಜನ ನಂಬುತ್ತಾರೆ ಎಂಬುದು. ಸುತ್ತಲಿನ ಫೌಂಡ್ರಿಗಳಲ್ಲಿ ಎಲ್ಲರಿಗೂ ಎಲ್ಲರ ಗುರುತಿದೆ. ಫಲಿತಾಂಶ ತಿದ್ದಿದವಳು ಎಂಬ ಮಾತು ಒಮ್ಮೆ ಗೇಟು ದಾಟಿದರೆ ಅವಳಿಗೆ ಇನ್ಯಾವ ಲ್ಯಾಬಿನ ಬಾಗಿಲೂ ತೆರೆಯುವುದಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ದಿನದ ಬಸ್ಸಿನಲ್ಲಿ ಕಂಡಕ್ಟರ್ ಜೊತೆಗೂ ಜಗಳವಾಡಿದೆ.

ಅವಳು ಮಾಡಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಹೇಗೆ ಎಂದರೆ, ಊಟದ ಬೆಂಚಿನಲ್ಲಿ ಒಂದು ಚಮಚ ಉಪ್ಪಿನಕಾಯಿ ಜಾಸ್ತಿ ಬಡಿಸಿಕೊಂಡರೂ ಹೇಳಿ ಬಡಿಸಿಕೊಳ್ಳುವ ಹುಡುಗಿ ಅವಳು. ಆದರೆ ನನಗೆ ಗೊತ್ತಿರುವುದು ಸದಾಶಿವಯ್ಯನವರಿಗೆ ಸಾಲದು. ಅವರ ಲಾಗ್‌ಗೆ ಎದುರಾಗಿ ಲಾಗ್‌ಗಿಂತ ಗಟ್ಟಿಯಾದದ್ದು ಬೇಕು. ಹೊಸಬರೇ, ಇದೊಂದು ಮಾತು ಕೇಳಿ. ಲಾಗ್ ಕೂಡ ಯಾರೋ ಬರೆದ ಪ್ರೋಗ್ರಾಂ ಬರೆದದ್ದು. ಅದು ಏನು ಹೇಳುತ್ತದೆ ಎನ್ನುವ ಮೊದಲು, ಅದಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳಿ.

ಮಾರನೆಯ ಬೆಳಿಗ್ಗೆ ಕಂಟ್ರಾಕ್ಟ್‌ನವರ ಟ್ರಿಗರನ್ನು ತೆರೆದು ಓದಿದೆ. ಒಂದು ನಿಮಿಷದ ಬಾಚಣಿಗೆ ಕಂಡಿತು. ಅಲ್ಲಿಯೇ ಜೋರಾಗಿ ನಕ್ಕುಬಿಟ್ಟೆ, ಆಮೇಲೆ ಅಳು ಬಂತು. ಎರಕದ ಅಂಗಳದಲ್ಲಿ ಒಂದೇ ಹೊತ್ತಿಗೆ ಬಿದ್ದಿರುವ ತುಂಡುಗಳೆಲ್ಲ ಒಂದೇ ಹೀಟ್‌ನವು ಎಂದು ಯಾರಾದರೂ ಹೇಳಿದರೆ ಹೆಲ್ಪರ್‌ಗಳೂ ನಗುತ್ತಾರೆ. ತುಂಡಿನ ಮೇಲೆ ಗುದ್ದಿದ ನಂಬರ್ ನೋಡು ಎನ್ನುತ್ತಾರೆ. ಇಲ್ಲಿ ಬೇರೆ ಯಾರೋ ಆ ಸಾಲು ತಿದ್ದಿ ಸೇವ್ ಮಾಡಿದ್ದಾರೆ, ಅದೇ ನಿಮಿಷದಲ್ಲಿ ಸೆಲ್ವಿ ಬೇರೊಂದು ಹೀಟ್‌ನ ಸಾಲು ಸೇವ್ ಮಾಡಿದ್ದಾಳೆ. ಅವಳ ಸೇವ್‌ಗೆ ಎದ್ದ ಟ್ರಿಗರ್ ಎರಡನ್ನೂ ಬಾಚಿ ಅವಳ ಹೆಸರಿಗೆ ಬರೆದಿದೆ, ಮೊದಲಿದ್ದ ಹೆಸರು ಅಳಿಸಿಹೋಗಿದೆ. ಹೀಗೆ ಆಗಿರಬಹುದು. ಆಗಿದೆ ಎಂದು ತೋರಿಸಬೇಕಲ್ಲ.

ಡೇಟಾಬೇಸಿನಲ್ಲೂ ಗುದ್ದಿದ ನಂಬರ್ ಇದೆ. ಒಂದು ಸಲ ಸೇವ್ ಒತ್ತಿದಾಗ ಒಟ್ಟಾಗಿ ನಡೆಯುವ ಬರವಣಿಗೆಗೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಪ್ರತಿ ಟ್ರಾನ್ಸಾಕ್ಷನ್‌ಗೂ ಒಂದು ನಂಬರ್ ಇರುತ್ತದೆ. ನಾವು ಬಳಸುತ್ತಿದ್ದ ಡೇಟಾಬೇಸು, ಒಂದು ಸಾಲನ್ನು ಕೊನೆಯದಾಗಿ ಬರೆದ ಟ್ರಾನ್ಸಾಕ್ಷನ್‌ನ ನಂಬರನ್ನು ಆ ಸಾಲಿನ ಜೊತೆಗೇ ಗುಟ್ಟಾಗಿ ಇಟ್ಟುಕೊಂಡಿರುತ್ತಿತ್ತು. ಸ್ಕ್ರೀನಿನಲ್ಲಿ ಕಾಣುವುದಿಲ್ಲ, ಆ ಗುಟ್ಟಿನ ಕಾಲಂನ ಹೆಸರು ಹಿಡಿದು ಕೇಳಿದರೆ ತೋರಿಸುತ್ತದೆ. ಕೇಳಿದೆ. ಸೆಲ್ವಿ ಸೇವ್ ಮಾಡಿದ್ದ ಬೇರೊಂದು ಹೀಟ್‌ನ ಸಾಲಿನ ನಂಬರೂ, ಲಾಗ್‌ನಲ್ಲಿ ಅವಳ ಹೆಸರು ಬರೆದಿದ್ದ ಸಾಲಿನ ನಂಬರೂ ಒಂದೇ. "ಪಾಸ್" ಆಗಿದ್ದ ಸಾಲಿನ ನಂಬರ್ ಬೇರೆ, ಸ್ವಲ್ಪ ಹಿಂದಿನದು.

ಇಲ್ಲಿ ಬೀಗಬೇಡಿ. ನಂಬರ್ ಬೇರೆ ಎಂದರೆ ಕೈ ಬೇರೆ ಎಂದು ಸಾಬೀತಾಗಲಿಲ್ಲ. ಅವಳೇ ಎರಡು ಸಲ ಸೇವ್ ಮಾಡಿದ್ದರೂ ನಂಬರ್ ಬೇರೆಯೇ ಇರುತ್ತಿತ್ತು. ಅನುಮಾನ ಗಟ್ಟಿಯಾಯಿತು, ಅಷ್ಟೇ. ವಿಚಾರಣೆಗೆ ಸ್ವಲ್ಪ ಸಮಯ ಕೇಳಿಕೊಳ್ಳೋಣ ಎಂದು ಸದಾಶಿವಯ್ಯನವರ ಕೋಣೆಗೆ ಹೋದೆ.

"ಇನ್ನೇನ್ ನೋಡೋದಿದೆ ರಾಜೇಶ್ವರಿ ಅವ್ರೇ? ಇಲ್ಲಿ ಬನ್ನಿ, ತೋರಿಸ್ತೀನಿ" ಎಂದು ಅವರು ತಮ್ಮ ಕಂಪ್ಯೂಟರಿನಲ್ಲಿ ರಿವ್ಯೂ ಸ್ಕ್ರೀನ್ ತೆರೆದರು. ಲೋಡು ಹೋಗುವ ಮುಂಚೆ ಅವರು ದಿನಾ ಒಂದೊಂದು ಹೀಟನ್ನೂ ಇದೇ ಸ್ಕ್ರೀನಿನಲ್ಲಿ ನೋಡುತ್ತಿದ್ದರು. "ಇದು ಇವತ್ತಿನ ಹೀಟು. ಇದೂ ಪಾಸ್ ಅಂತಿದೆ. ಇದನ್ನೂ ಯಾರಾದ್ರೂ ತಿದ್ದಿರಬಹುದು ಅಂತೀರಾ?"

ಆ ಹೀಟ್ ನನಗೆ ಗೊತ್ತಿತ್ತು. ಸ್ವಲ್ಪ ಮುಂಚೆ ಲ್ಯಾಬಿನ ಸ್ಕ್ರೀನಿನಲ್ಲಿ ಅದೇ ಸಾಲನ್ನು ನೋಡಿಕೊಂಡು ಬಂದಿದ್ದೆ. ಅಲ್ಲಿ ಅದು "ರೀಟೆಸ್ಟ್". ಇವರ ಸ್ಕ್ರೀನಿನಲ್ಲಿ ಹೇಗೆ "ಪಾಸ್" ಆಯಿತು ಎಂದು ನಾನು ಬಗ್ಗಿ ನೋಡುತ್ತಿರುವಾಗಲೇ ಅವರು ಸ್ಕ್ರೀನ್ ಮುಚ್ಚಲು ಮೌಸ್ ಸರಿಸಿದರು. ಮೌಸ್ ಮೊದಲು ಹೋದದ್ದು ಸೇವ್ ಬಟನ್‌ಗೆ.

"ಸರ್, ಕೈ ತೆಗೀರಿ!"

ಮ್ಯಾನೇಜರ್ ಕೈ ಹಿಡಿದು ಎಳೆದ ಗುಮಾಸ್ತೆ ಆ ಕಾರ್ಖಾನೆಯಲ್ಲಿ ನಾನೊಬ್ಬಳೇ ಇರಬೇಕು. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಏನಾಯ್ತ್ರೀ? ಕರೆಂಟ್ ಹೊಡೀತಾ?"

"ಸರ್, ನೀವೀಗ ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲಪ್ಪ. ಸುಮ್ನೆ ನೋಡ್ದೆ."

"ಮತ್ತೆ ಸೇವ್ ಯಾಕೆ?"

"ಸೇವ್ ಮಾಡ್ದೆ ಎದ್ದೋಗೋಕಾಗುತ್ತೇನ್ರೀ?"

ಇದು ನಮ್ಮ ಕಡೆಯ ಕಚೇರಿಗಳಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾಗುವ ಉತ್ತರ. ಕಂಪ್ಯೂಟರ್ ಬಂದ ಕಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ. ಯುಪಿಎಸ್ ಇದ್ದರೂ ಅದಕ್ಕೇ ಜೀವ ಇರುತ್ತಿರಲಿಲ್ಲ. ಮಾಡಿದ ಕೆಲಸ ಹೋಗಿ ಹೋಗಿ ಬುದ್ಧಿ ಕಲಿತ ಜನ, ಯಾವ ಸ್ಕ್ರೀನಿನಿಂದ ಎದ್ದರೂ ಸೇವ್ ಒತ್ತಿ ಏಳುವುದನ್ನು ರೂಢಿ ಮಾಡಿಕೊಂಡರು. ನೋಡಿದ್ದಕ್ಕೂ ಸೇವ್, ಮುಚ್ಚುವುದಕ್ಕೂ ಸೇವ್. ಮನೆಯಿಂದ ಹೊರಡುವಾಗ ಬೀಗ ಎಳೆದು ನೋಡುವ ಹಾಗೆ. ಡೇಟಾಬೇಸಿಗೆ ಇದೆಲ್ಲ ಗೊತ್ತಿಲ್ಲ. ಸೇವ್ ಒತ್ತಿದರೆ ಸ್ಕ್ರೀನಿನಲ್ಲಿ ಏನಿದೆಯೋ ಅದನ್ನೇ ಸಾಲಿಗೆ ಬರೆಯುತ್ತದೆ.

ಸ್ಕ್ರೀನಿನಲ್ಲಿ ಇದ್ದದ್ದೇ ಬೇರೆ. ಆ ರಿವ್ಯೂ ಸ್ಕ್ರೀನು ಹಳೆಯದು. ಅದನ್ನು ಮಾಡಿದಾಗ ಫಲಿತಾಂಶಗಳು ಪಾಸ್, ಫೇಲ್ ಎರಡೇ. ಸಾಲಿನಲ್ಲಿ "ರೀಟೆಸ್ಟ್" ಎಂದು ಬರೆಯುವ ಪದ್ಧತಿ ಲ್ಯಾಬಿನಲ್ಲಿ ಶುರುವಾಗಿದ್ದು ಆಮೇಲೆ. ತನಗೆ ಗೊತ್ತಿಲ್ಲದ ಮಾತು ಸಾಲಿನಲ್ಲಿದ್ದರೆ ಆ ಸ್ಕ್ರೀನು ಪಟ್ಟಿಯ ಮೊದಲನೆಯದನ್ನು ತೋರಿಸಿ ಕೈ ತೊಳೆದುಕೊಳ್ಳುತ್ತಿತ್ತು. ಪಟ್ಟಿಯ ಮೊದಲನೆಯದು "ಪಾಸ್". ಲ್ಯಾಬಿನವರು ಮತ್ತೆ ಪರೀಕ್ಷಿಸಿ ಹೊಸದಾಗಿ ಬರೆಯುತ್ತಿದ್ದದ್ದರಿಂದ ಈ ತಪ್ಪು ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸೇವ್ ಒತ್ತದೆಯೇ ಆ ಸ್ಕ್ರೀನ್ ಮುಚ್ಚಿಸಿದೆ. ನನ್ನ ಕುರ್ಚಿಗೆ ಬಂದು, ಮೊದಲು ವಾಪಸ್ ಬಂದ ಹೀಟ್‌ನ ಸಾಲಿಗೆ ಯಾರೂ ಕೈ ಹಾಕದ ಹಾಗೆ ಬೀಗ ಹಾಕಿದೆ. ಯಾರಾದರೂ ಅದನ್ನು ತೆರೆದು ನೋಡಿ ರೂಢಿಯಂತೆ ಸೇವ್ ಒತ್ತಿ ಎದ್ದರೆ, ಗುದ್ದಿದ ನಂಬರ್ ಹೋಗಿ ಹೊಸ ನಂಬರ್ ಬರುತ್ತದೆ. ಸೆಲ್ವಿಯ ಪಾಲಿಗೆ ಉಳಿದಿದ್ದ ಒಂದೇ ಒಂದು ಸಾಕ್ಷಿ ಅದು. ಆಮೇಲೆ ರಿವ್ಯೂ ಟೇಬಲ್ ನೋಡಿದೆ. ಸದಾಶಿವಯ್ಯನವರು ರಿವ್ಯೂ ಸ್ಕ್ರೀನಿನಲ್ಲಿ ಸೇವ್ ಒತ್ತಿದಾಗಲೆಲ್ಲ ಎರಡು ಸಾಲು ಒಟ್ಟಿಗೆ ಬರೆಯಲ್ಪಡುತ್ತಿದ್ದವು. ಫಲಿತಾಂಶದ ಸಾಲು ಒಂದು, "ನೋಡಿದ್ದೇನೆ" ಎಂದು ಅವರ ಹೆಸರಿರುವ ಸಾಲು ಇನ್ನೊಂದು. ಅವರು ದಿನಾ ಎಲ್ಲವನ್ನೂ ನೋಡುವವರು, ಹಾಗಾಗಿ ಆ ಹೆಸರಿಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ನಾನು ಅದರ ಗುಟ್ಟಿನ ನಂಬರ್ ಕೇಳಿದೆ. "ಪಾಸ್" ಆದ ಸಾಲಿನ ನಂಬರೂ ಅವರ ಹೆಸರಿನ ಸಾಲಿನ ನಂಬರೂ ಒಂದೇ. ಒಂದು ಅಂಕಿಯೂ ಆಚೀಚೆ ಇಲ್ಲ.

ನಂಬರ್ ಬೇರೆಯಿದ್ದರೆ ಏನೂ ಹೇಳಲು ಬರುವುದಿಲ್ಲ ಎಂದೆನಲ್ಲ, ನಂಬರ್ ಒಂದೇ ಇದ್ದರೆ ಮಾತೇ ಮುಗಿಯಿತು. ಒಂದೇ ಟ್ರಾನ್ಸಾಕ್ಷನ್, ಒಂದೇ ಸೇವ್, ಒಂದೇ ಕೈ. ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ. ಅಷ್ಟು ಖುಷಿಯಾಗಿತ್ತು.

ಸದಾಶಿವಯ್ಯನವರಿಗೆ ತೋರಿಸಿದೆ. ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ, ಮಾಡಿಕೊಳ್ಳಲಿಲ್ಲ. ಅವರ ಹಟವೇ ಬೇರೆ ಥರ.

"ಒಂದು ಲಾಗ್ ನಂಬಿ ಒಂದು ತಪ್ಪಾಯ್ತು. ಈಗ ನಿಮ್ಮ ನಂಬರ್ ನಂಬಿ ಇನ್ನೊಂದು ತಪ್ಪು ಮಾಡ್ಲಾ? ಮೊದ್ಲು ನಿಮ್ಮ ಈ ನಂಬರ್ ಇಟ್ಕೊಂಡೇ ಟ್ರಿಗರ್ ಸರಿ ಮಾಡಿ. ಎಲ್ಲಾ ಸಾಲಿಗೂ ಸರಿಯಾಗಿ ಹೆಸರು ಬರ್ಲಿ. ಆಮೇಲೆ ಆ ಹುಡುಗೀನ ಕರೆಯೋಣ."

ಸೆಲ್ವಿ ಅಲ್ಲಿಯವರೆಗೆ ಮನೆಯಲ್ಲೇ ಕೂರಬೇಕು. ನಾನು ಕುದಿಯುತ್ತಲೇ ಒಪ್ಪಿಕೊಂಡೆ. ಟ್ರಿಗರ್ ಬದಲಿಸಿದೆ: ಸಮಯ ನೋಡಬೇಡ, ಈಗ ನಡೆಯುತ್ತಿರುವ ಟ್ರಾನ್ಸಾಕ್ಷನ್‌ನ ನಂಬರ್ ಯಾವ ಸಾಲುಗಳ ಮೇಲಿದೆಯೋ ಅವನ್ನು ಮಾತ್ರ ತೆಗೆದುಕೋ. ಲ್ಯಾಬಿನ ಸ್ಕ್ರೀನಿನಲ್ಲಿ ಪರೀಕ್ಷಿಸಿದೆ, ಚಿನ್ನದಂತೆ ಬಂತು. ಧೈರ್ಯವಾಗಿ ಅವರನ್ನು ಕರೆದು ಕೂರಿಸಿ, ಸ್ಪೆಕ್ಟ್ರೋ ಮಿಷನ್‌ನಿಂದ ಸಾಲುಗಳನ್ನು ಸುರಿಸಿದೆ. ಲಾಗ್ ಖಾಲಿ. ಒಂದು ಸಾಲೂ ಇಲ್ಲ.

"ಇಷ್ಟೇನಾ ನಿಮ್ಮ ನಂಬರು?" ಎಂದು ಅವರು ಎದ್ದರು. "ಹಾಗಾದ್ರೆ ನನ್ನ ಹೆಸರು ತೋರಿಸಿದ್ದೂ ಸುಳ್ಳಿರಬಹುದಲ್ಲ?"

ಮುಖಕ್ಕೆ ನೀರು ಎರಚಿದ ಹಾಗಾಯಿತು. ಆದರೆ ಈ ಕೆಲಸದಲ್ಲಿ ನಾನು ಕಲಿತದ್ದು, ಸೋತ ಕಡೆಯೇ ಕುಳಿತು ನೋಡಬೇಕು ಎಂದು. ನೋಡಿದೆ. ಸ್ಪೆಕ್ಟ್ರೋ ಪ್ರೋಗ್ರಾಂ ಪ್ರತಿ ಸಾಲನ್ನೂ ಒಂದೊಂದು ಸಣ್ಣ ಖಾನೆಯಲ್ಲಿಟ್ಟು ಬರೆಯುತ್ತಿತ್ತು. ಒಂದು ಸಾಲು ಕೆಟ್ಟರೆ ಉಳಿದವು ಕೆಡದಿರಲಿ ಎಂದು. ದೊಡ್ಡ ಟ್ರಾನ್ಸಾಕ್ಷನ್ ಒಂದೇ ಆದರೂ ಒಳಗಿನ ಒಂದೊಂದು ಖಾನೆಗೂ ಡೇಟಾಬೇಸ್ ಬೇರೆ ಬೇರೆ ನಂಬರ್ ಕೊಡುತ್ತದೆ. ನನ್ನ ಟ್ರಿಗರ್ ದೊಡ್ಡ ನಂಬರನ್ನು ಹುಡುಕುತ್ತಿತ್ತು, ಸಾಲುಗಳ ಮೇಲೆ ಸಣ್ಣ ನಂಬರುಗಳಿದ್ದವು. ನಿಮಗೂ ಇದು ಎದುರಾಗುತ್ತದೆ, ಬರೆದಿಟ್ಟುಕೊಳ್ಳಿ.

ಅವರ ಕೋಣೆಗೆ ಮತ್ತೆ ಹೋದೆ.

"ಸರ್, ನಂಬರ್ ಸೇರದೆ ಹೋದ್ರೆ ಅದು ಏನನ್ನೂ ಹೇಳಲ್ಲ. ಇವತ್ತು ಆಗಿದ್ದು ಅದು. ಆದ್ರೆ ನಿಮ್ಮ ರಿವ್ಯೂ ಸ್ಕ್ರೀನಲ್ಲಿ ಎರಡು ಸಾಲಿನ ನಂಬರ್ ಸೇರಿದೆ. ಬೇರೆ ಬೇರೆ ಕೈ ಬರೆದಿದ್ರೆ ಅದು ಯಾವತ್ತೂ ಸೇರಲ್ಲ. ಅನುಮಾನ ಇದ್ರೆ ಈಗ್ಲೇ ಒಂದು ಪರೀಕ್ಷೆ ಹೀಟ್ ತೆರೀರಿ. ಅದಕ್ಕೆ ನಾನು ರೀಟೆಸ್ಟ್ ಅಂತ ಬರೆದಿದೀನಿ. ಸುಮ್ನೆ ನೋಡಿ ಎದ್ದುಬಿಡಿ."

ಅವರು ತೆರೆದರು. ನೋಡಿದರು. ಏನೂ ಮುಟ್ಟಬಾರದು ಎಂದು ಗೊತ್ತಿದ್ದೂ, ಏಳುವಾಗ ಕೈ ತಾನಾಗಿಯೇ ಸೇವ್ ಒತ್ತಿತು. ಒತ್ತಿದ್ದು ಅವರಿಗೇ ಆಮೇಲೆ ಗೊತ್ತಾಯಿತು. ಅವರನ್ನು ನನ್ನ ಮೇಜಿಗೆ ಕರೆತಂದು, ನನ್ನ ಸ್ಕ್ರೀನಿನಲ್ಲಿ ಆ ಸಾಲನ್ನು ತೆರೆದು ತೋರಿಸಿದೆ. "ಪಾಸ್". ನಂಬರ್ ತೋರಿಸಿದೆ, ಎರಡೂ ಒಂದೇ. ಅವರು ಕುರ್ಚಿಯಲ್ಲಿ ಕುಳಿತು ತಮ್ಮ ಬಲಗೈಯನ್ನೇ ನೋಡಿಕೊಂಡರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು.

ಟ್ರಿಗರ್ ಆಮೇಲೆ ಸರಿಯಾಯಿತು. ಡೇಟಾಬೇಸಿನ ಹೊಸ ಆವೃತ್ತಿ ಆಗಷ್ಟೇ ಬಂದಿತ್ತು. ಅದರಲ್ಲಿ ಒಂದು ಆಜ್ಞೆಗೆ ಒಂದೇ ಸಲ ಓಡುವ ಟ್ರಿಗರ್‌ಗೂ, ಆ ಆಜ್ಞೆಯಿಂದ ಬದಲಾದ ಸಾಲುಗಳ ಹಳೆಯ ರೂಪ, ಹೊಸ ರೂಪ ಎರಡನ್ನೂ ಡೇಟಾಬೇಸೇ ತಟ್ಟೆಯಲ್ಲಿಟ್ಟು ಕೊಡುತ್ತದೆ. ಸಮಯ ನೋಡಿ ಬಾಚುವುದು ಬೇಡ, ನಂಬರ್ ಹಿಡಿದು ಹುಡುಕುವುದೂ ಬೇಡ. ಎರಡನ್ನೂ ಹೋಲಿಸಿ, ವ್ಯತ್ಯಾಸ ಇದ್ದರೆ ಮಾತ್ರ ಹೆಸರು ಬರೆ ಎಂದೆ. ಸುಮ್ಮನೆ ಸೇವ್ ಒತ್ತುವವರ ಹೆಸರು ಅಲ್ಲಿಗೆ ಲಾಗ್‌ನಿಂದ ಹೋಯಿತು. ಒಂದು ಸಾಲಿಗೆ ಒಂದೇ ಹೆಸರು ಎಂಬ ಜಿಪುಣತನವನ್ನೂ ಕಿತ್ತು ಹಾಕಿದೆ, ಬದಲಿಸಿದ ಎಲ್ಲರ ಹೆಸರೂ ಉಳಿಯಲಿ ಎಂದು. ರಿವ್ಯೂ ಸ್ಕ್ರೀನಿಗೆ "ರೀಟೆಸ್ಟ್" ಕಲಿಸಿದೆ. ಸ್ಪೆಕ್ಟ್ರೋ ಸುರಿದ ಸಾಲುಗಳೆಲ್ಲ ಲಾಗ್‌ನಲ್ಲಿ ಬಂದವು. ಇಂದಿನ ಹುಡುಗರಿಗೆ ಇದು ಮೊದಲ ದಿನದ ಪಾಠ. ನಮಗೆ ಇದು ಒಬ್ಬಳ ಹೆಸರಿನ ಪ್ರಶ್ನೆಯಾಗಿತ್ತು.

ಸೆಲ್ವಿಯನ್ನು ಕರೆಯಲು ನಾನೇ ಭದ್ರಾವತಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ಎಲ್ಲ ಕೇಳಿದಳು, ನಂಬರ್ ಸೇರಿದ ವಿಷಯವನ್ನು ಎರಡು ಸಲ ಹೇಳಿಸಿಕೊಂಡಳು.

"ಸರ್ ಏನಂದ್ರು ಅಕ್ಕಾ?"

"ಲಾಗ್‌ನಲ್ಲಿ ತಪ್ಪಿತ್ತು, ಸರಿಯಾಗಿದೆ, ನಾಳೆಯಿಂದ ಬಾ ಅಂತ ಹೇಳಿ ಅಂದ್ರು."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ ಅಕ್ಕಾ. ತಪ್ಪು ಅಂತ ಅಂದಿದ್ದು ಎಲ್ಲರ ಮುಂದೆ. ಸರಿ ಅಂತ ಹೇಳೋದು ನಿಮ್ಮ ಹತ್ರ ಮಾತ್ರಾನಾ? ಅಪ್ಪನಿಗೆ ಗೊತ್ತಿರೋರೆಲ್ಲ ಆ ಅಂಗಳದಲ್ಲಿದ್ರು. ಅದೇ ಅಂಗಳ, ಅದೇ ಶಿಫ್ಟ್ ಹೊತ್ತು. ಅಲ್ಲಿ ಹೇಳಿದ್ರೆ ಬರ್ತೀನಿ. ಇಲ್ದಿದ್ರೆ ಆ ಕೋಟು ಅಲ್ಲೇ ನೇತಾಡ್ಲಿ."

"ಸರಿಯಾಗಿ ಹೇಳ್ದೆ ಮಾರಾಯ್ತಿ" ಎಂದೆ. ಕಣ್ಣು ತುಂಬಿತ್ತು, ಅವಳಿಗೆ ಕಾಣದ ಹಾಗೆ ಎದ್ದೆ.

ಅವಳ ಮಾತನ್ನು ಹಾಗೆಯೇ ಸದಾಶಿವಯ್ಯನವರಿಗೆ ಮುಟ್ಟಿಸಿದೆ. ಮರುದಿನ ನನ್ನ ಮೇಜಿನ ಮುಂದೆ ನಿಂತು, "ನಾಳೆ ಮಧ್ಯಾಹ್ನದ ಶಿಫ್ಟಿಗೆ ಬರೋಕೆ ಹೇಳಿ" ಎಂದಷ್ಟೇ ಹೇಳಿ ಹೋದರು.

ಅಂಗಳ ತುಂಬಿತ್ತು. ಸೆಲ್ವಿ ಗೇಟಿನ ಕಡೆಯಿಂದ ಬಂದು ಹಿಂದೆ ನಿಂತಳು. ಸದಾಶಿವಯ್ಯನವರು ಈ ಸಲ ಕಾಗದ ಹಿಡಿದುಕೊಂಡು ಬಂದಿರಲಿಲ್ಲ.

"ವಾಪಸ್ ಬಂದ ಹೀಟನ್ನ ಪಾಸ್ ಮಾಡಿದ್ದು ಸೆಲ್ವಿ ಅಲ್ಲ. ಅದು ನನ್ನ ಕೈ. ನೋಡೋಕೆ ಅಂತ ತೆರೆದೆ, ಸೇವ್ ಒತ್ತಿ ಎದ್ದೆ. ನನಗೇ ಗೊತ್ತಾಗ್ಲಿಲ್ಲ. ಗೊತ್ತಿಲ್ದೆ ಮಾಡಿದ್ದಾದ್ರೂ ಮಾಡಿದ್ದು ನಾನೇ. ಅವಳು ಮಾಡಿಲ್ಲ ಅಂತ ಹೇಳಿದ್ಲು, ನಾನು ಕೇಳ್ಲಿಲ್ಲ. ತಪ್ಪಾಯ್ತಮ್ಮಾ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೌಂಡ್ರಿಯಲ್ಲಿ ಅಂಥ ಅಭ್ಯಾಸ ಇಲ್ಲ. ಸೆಲ್ವಿ ತಲೆಯಾಡಿಸಿ ಒಳಗೆ ಹೋದಳು, ಮೊಳೆಯಿಂದ ಕೋಟು ತೆಗೆದು ತೊಟ್ಟಳು. ಮೇಜಿನ ಮೇಲೆ ಬೆಳಗಿನ ಹೀಟ್‌ನ ಸ್ಯಾಂಪಲ್ ಕಾಯುತ್ತಿತ್ತು. ಹೊರಗೆ ಅದೇ ಹೀಟ್‌ನ ತುಂಡುಗಳನ್ನು ತುಂಬಿಕೊಂಡು ಲಾರಿ ನಿಂತಿತ್ತು, ಡ್ರೈವರ್ ಹೊರಡುವ ಅವಸರದಲ್ಲಿ ಹಾರನ್ ಬಾರಿಸುತ್ತಿದ್ದ. ಅವಳು ಪರೀಕ್ಷೆ ಮಾಡಿದಳು. ಸ್ಯಾಂಪಲಿನ ಮತ್ತೊಂದು ಕಡೆಯೂ ಮಿಷನ್ ಒತ್ತಿ ಗಟ್ಟಿತನ ನೋಡಿದಳು. ಬಾಗಿಲಿಗೆ ಬಂದು ನಿಂತಳು.

"ಸರ್, ಇದು ಫೇಲ್."

ಅಂಗಳದಲ್ಲಿದ್ದವರೆಲ್ಲ ಸದಾಶಿವಯ್ಯನವರ ಮುಖ ನೋಡಿದರು. ಆ ಲೋಡಿಗಾಗಿ ಗಿರಾಕಿ ಬೆಳಗಿನಿಂದ ಫೋನ್ ಮಾಡುತ್ತಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಲ್ಯಾಬಿನೊಳಕ್ಕೆ ಹೋಗಲಿಲ್ಲ, ಸ್ಯಾಂಪಲ್ ಕೇಳಲಿಲ್ಲ, ಸ್ಕ್ರೀನ್ ನೋಡಲಿಲ್ಲ. ಲಾರಿಯ ಕಡೆ ತಿರುಗಿ, ಕುಲುಮೆಯ ಸದ್ದಿಗೂ ಮೀರಿ ಕೂಗಿದರು.

"ಹಗ್ಗ ಬಿಚ್ಚ್ರೋ! ಪೂರಾ ಇಳಿಸಿ!"

ಸೆಲ್ವಿ ಒಳಗೆ ಹೋಗಿ "ಫೇಲ್" ಎಂದು ಬರೆದು ಸೇವ್ ಒತ್ತಿದಳು. ನಾನು ನನ್ನ ಕುರ್ಚಿಗೆ ಬಂದು ಲಾಗ್ ತೆರೆದೆ. ಆ ಸಾಲಿನ ಮುಂದೆ ಅವಳ ಹೆಸರಿತ್ತು. ಬದಲಿಸಿದ್ದು ಅವಳೇ.